ಬೆಕ್ಕಿನ ಜೊತೆ ಘಾಟಿ ಇಳಿಯುವಾಗ



ದಾರಿಗೆ ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ನಿಂತು ಹೋಗುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆದರೆ ಬೆಕ್ಕನ್ನೇ ಜೊತೆಗೆ ಕರೆದುಕೊಂಡು ದೂರ ಹೋಗಬೇಕಾದರೆ ಏನು ಮಾಡಬೇಕು? ಅದನ್ನು ಈ ಪಾಠದಲ್ಲಿ ಓದೋಣ.

ನಮ್ಮ ತಾಳವಾಡಿ ಸೀಮೆಯಿಂದ ಕೆಲಸ ಹುಡುಕಿಕೊಂಡು ತಿರುಪ್ಪೂರು, ಕೊಯಮತ್ತೂರು ಕಡೆಗೆ ಹೋಗಿ ನೆಲೆಸುವವರಿದ್ದಾರೆ. ಮನೆ ಖಾಲಿ ಮಾಡುವಾಗ ಪಾತ್ರೆ, ಹಾಸಿಗೆ, ಮಂಚ ಎಲ್ಲವೂ ಗಾಡಿ ಹತ್ತುತ್ತವೆ. ಬೆಕ್ಕು ಮಾತ್ರ ಹಿತ್ತಲಲ್ಲಿ ಉಳಿದುಬಿಡುತ್ತದೆ. ಇದು ಸರಿಯೇ? ಅಂಥ ಒಂದು ಮನೆಯ ತಾಯಿ, ಮಗ ಹೀಗೆ ಮಾತಾಡಿಕೊಳ್ಳುತ್ತಾರೆ ಎಂದುಕೊಳ್ಳಿ.

ಮಗ: ಅವ್ವ, ಬೆಕ್ಕ ಇಲ್ಲೇ ಬುಟ್ಟುಬುಡವ. ಇಲಿ ಹಿಡ್ಕಂಡು ಬದುಕ್ಕತದ.

ತಾಯಿ: ಏನು ಮಾತಪ್ಪ ಆಡ್ತೀಯ? ಎಂಟು ವರ್ಷದಿಂದ ನಮ್ಮ ಕೈಯನ್ನ ತಿಂದದ. ನಾವು ಬೀಗ ಹಾಕ್ಕೊಂಡು ಹೋದ್ರ ಬಾಗ್ಲ ಮುಂದ ಕೂತ್ಕಂಡು ಕಾಯ್ತದ.

ಮಗ: ಕಾರಲ್ಲಿ ಕೂಗಾಡ್ಬುಟ್ರೆ?

ತಾಯಿ: ಕೂಗಾಡ್ಲಿ ಬುಡು. ಭಯ ಆದ್ರ ಮನುಷ್ಯರು ಕೂಗಾಡಕಿಲ್ವ? ಹೆಂಗ್ ಕರ್ಕಂಡು ಹೋಗ್ಬೇಕು ಅಂತ ಮೊದಲು ತಿಳ್ಕ.

ತಾಯಿ ಹೇಳಿದ್ದು ಸರಿ. ಮನೆಯ ಅನ್ನಕ್ಕೆ ಒಗ್ಗಿದ ಬೆಕ್ಕು ಬರೀ ಇಲಿ ಹಿಡಿದು ಬದುಕುತ್ತದೆ ಎಂದು ನಂಬುವ ಹಾಗಿಲ್ಲ. ಕಾನೂನು ಕೂಡ ಇದನ್ನೇ ಹೇಳುತ್ತದೆ. ಸರಿಯಾದ ಕಾರಣ ಇಲ್ಲದೆ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಹೀಗಿದೆ. ಪ್ರಾಣಿಗೆ ನೋವಾಗುವ ಹಾಗೆ ಕಟ್ಟಿ ಸಾಗಿಸುವುದೂ ಅದೇ ಕಾಯಿದೆಯ ಪ್ರಕಾರ ಅಪರಾಧ.

ಬೆಕ್ಕಿಗೆ ಯಾಕೆ ಅಷ್ಟು ಭಯ?

ನಾಯಿ ಯಜಮಾನನ ಹಿಂದೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಬೆಕ್ಕು ಹಾಗಲ್ಲ. ಅದಕ್ಕೆ ಜನರ ಜೊತೆಗೆ ಜಾಗವೂ ಬೇಕು. ಬಾಗಿಲು, ಕಂಬ, ನಮ್ಮ ಕಾಲು, ಇವಕ್ಕೆಲ್ಲ ಬೆಕ್ಕು ಕೆನ್ನೆ ಉಜ್ಜುವುದನ್ನು ನೀವು ನೋಡಿದ್ದೀರಿ. ಅದು ಬರೀ ಮುದ್ದಲ್ಲ. ತನ್ನ ವಾಸನೆಯನ್ನು ಅಲ್ಲಿ ಹಚ್ಚುತ್ತದೆ. ಆ ವಾಸನೆ ಇದ್ದರೆ "ಇದು ನನ್ನ ಜಾಗ" ಎಂದು ಅದಕ್ಕೆ ಧೈರ್ಯ.

ಕಾರಿನಲ್ಲಿ ಆ ವಾಸನೆ ಇಲ್ಲ. ಎಂಜಿನ್ ಸದ್ದು, ಪೆಟ್ರೋಲ್ ವಾಸನೆ, ಕುಲುಕಾಟ, ಎಲ್ಲವೂ ಹೊಸದು. ಓಡಿಹೋಗಲು ದಾರಿಯೂ ಇಲ್ಲ. ಅದಕ್ಕೇ ಬೆಕ್ಕು ಕೂಗುತ್ತದೆ, ಪರಚುತ್ತದೆ, ಜೊಲ್ಲು ಸುರಿಸುತ್ತದೆ. ಕೆಲವು ವಾಂತಿಯನ್ನೂ ಮಾಡುತ್ತವೆ. ಅದು ಹಟ ಅಲ್ಲ, ಭಯ. ಹೊಡೆದರೆ, ಗದರಿದರೆ ಭಯ ಇನ್ನೂ ಹೆಚ್ಚುತ್ತದೆ.

ಆದ್ದರಿಂದ ನಾವು ಮಾಡಬೇಕಾದದ್ದು ಎರಡೇ ಕೆಲಸ. ಒಂದು, ಮನೆಯ ವಾಸನೆಯನ್ನು ಬೆಕ್ಕಿನ ಜೊತೆಗೇ ಕಳಿಸುವುದು. ಎರಡು, ಹೊಸ ಮನೆಯ ಬಾಗಿಲು ಹಾಕಿಕೊಳ್ಳುವ ತನಕ ಅದು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು.

ಎರಡು ವಾರ ಮೊದಲು

ಬೆಕ್ಕಿಗೆ ಒಂದು ಗೂಡು ಸಿದ್ಧ ಮಾಡಿ. ಪೇಟೆಯಲ್ಲಿ ಬಾಗಿಲಿರುವ ಪ್ಲಾಸ್ಟಿಕ್ ಪೆಟ್ಟಿಗೆ ಸಿಗುತ್ತದೆ. ಹಣ ಹೆಚ್ಚಾಯಿತು ಅನ್ನಿಸಿದರೆ ಮುಚ್ಚಳ ಇರುವ ಗಟ್ಟಿ ಬಿದಿರು ಬುಟ್ಟಿ ಸಾಕು. ಟೊಮೆಟೊ ತುಂಬುವ ಎರಡು ಕ್ರೇಟುಗಳೂ ಆದೀತು. ಒಂದರ ಮೇಲೆ ಇನ್ನೊಂದನ್ನು ಕವುಚಿ ಹಾಕಿ, ನಾಲ್ಕೂ ಕಡೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು. ಗಾಳಿ ಆಡಬೇಕು. ಬೆಕ್ಕು ಒಳಗೆ ಎದ್ದು ನಿಂತು, ತಿರುಗಿ ಮಲಗುವಷ್ಟು ಜಾಗ ಇರಬೇಕು.

ಗೋಣಿಚೀಲ ಮಾತ್ರ ಬೇಡ. ಚೀಲದಲ್ಲಿ ಬೆಕ್ಕಿಗೆ ಉಸಿರು ಕಟ್ಟುತ್ತದೆ, ಸೆಕೆ ಏರುತ್ತದೆ.

ಗೂಡನ್ನು ಬಾಗಿಲು ತೆರೆದು ಮನೆಯ ಒಂದು ಮೂಲೆಯಲ್ಲಿ ಇಡಿ. ಬೆಕ್ಕು ಮಲಗುವ ಹಳೆಯ ಬಟ್ಟೆಯನ್ನು ಅದರಲ್ಲಿ ಹಾಸಿ. ಆ ಬಟ್ಟೆಯನ್ನು ಒಗೆಯಬೇಡಿ. ಒಗೆದರೆ ವಾಸನೆ ಹೋಗುತ್ತದೆ. ದಿನಾ ಊಟವನ್ನು ಗೂಡಿನ ಹತ್ತಿರ ಇಡಿ. ಆಮೇಲೆ ಗೂಡಿನ ಒಳಗೇ ಇಡಿ. ಬೆಕ್ಕು ತಾನಾಗಿ ಒಳಗೆ ಹೋಗಿ ಮಲಗಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಐದು ನಿಮಿಷ ಬಾಗಿಲು ಮುಚ್ಚಿ, ತೆರೆಯಿರಿ.

ಕಾರು ಸಿಕ್ಕರೆ ಗೂಡನ್ನು ಅದರಲ್ಲಿ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತುಕೊಳ್ಳಿ. ಇನ್ನೊಂದು ದಿನ ಎಂಜಿನ್ ಹಾಕಿಸಿ. ಮತ್ತೊಂದು ದಿನ ಪಕ್ಕದ ಊರಿನ ತನಕ ಹೋಗಿ ಬನ್ನಿ. ಬಂದ ಮೇಲೆ ಬೆಕ್ಕಿಗೆ ಇಷ್ಟವಾದ ಮೀನಿನ ತುಂಡು ಕೊಡಿ.

ಇದೇ ಸಮಯದಲ್ಲಿ ದನದ ಆಸ್ಪತ್ರೆಗೆ ಹೋಗಿ ಬನ್ನಿ. ಅಲ್ಲಿ ಬೆಕ್ಕನ್ನೂ ನೋಡುತ್ತಾರೆ. ರೇಬಿಸ್ ಲಸಿಕೆ ಹಾಕಿಸಿ. ಬೆಕ್ಕು ತುಂಬಾ ಹೆದರುವುದಾದರೆ, ವಾಂತಿ ಮಾಡುವುದಾದರೆ ಡಾಕ್ಟರಿಗೆ ಹೇಳಿ. ಅದರ ತೂಕ ನೋಡಿ ಅವರು ಔಷಧ ಕೊಡಬಹುದು.

ನೆನಪಿಡಿ: ಮನುಷ್ಯರ ಮಾತ್ರೆಯನ್ನು ಬೆಕ್ಕಿಗೆ ನೀವಾಗಿ ಕೊಡಬೇಡಿ. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು.

ಹೊರಡುವ ದಿನ

ಹೊಟ್ಟೆ ತುಂಬಿದ್ದರೆ ವಾಂತಿ ಹೆಚ್ಚು. ಆದ್ದರಿಂದ ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ನಿಲ್ಲಿಸಿ. ನೀರು ಕೊಡಿ. ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿ ಆಗುತ್ತದೆ. ಪುಟ್ಟ ಮರಿಗಳನ್ನು ಮಾತ್ರ ಅಷ್ಟು ಹೊತ್ತು ಹಸಿದಿರಲು ಬಿಡಬೇಡಿ. ಅವಕ್ಕೆ ಎಷ್ಟು ಹೊತ್ತಿಗೆ ಏನು ಕೊಡಬೇಕು ಎಂದು ಡಾಕ್ಟರನ್ನು ಕೇಳಿ.

ಸಾಮಾನು ತುಂಬುವ ಗಲಾಟೆಯಲ್ಲಿ ಬೆಕ್ಕು ಓಡಿಹೋಗಬಹುದು. ಎಷ್ಟೋ ಸಲ ಬೆಕ್ಕು ಉಳಿದುಹೋಗುವುದು ಹೀಗೇ. ಹೊರಡುವ ಹೊತ್ತಿಗೆ ಅದು ಅಟ್ಟದ ಮೇಲೋ ಹುಲ್ಲಿನ ಮೆದೆಯಲ್ಲೋ ಅಡಗಿರುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಅದನ್ನು ಒಂದು ಕೋಣೆಯಲ್ಲಿ ಇರಿಸಿ, ಬಾಗಿಲು ಹಾಕಿ. ಗೂಡು, ನೀರು, ಮಣ್ಣಿನ ತಟ್ಟೆ ಒಳಗೇ ಇರಲಿ. ಸಾಮಾನು ಎಲ್ಲ ತುಂಬಿದ ಮೇಲೆ ಕೊನೆಗೆ ಬೆಕ್ಕನ್ನು ಕಾರಿಗೆ ತನ್ನಿ. ಗೂಡಿನ ಒಳಗೆ ಹೋಗದಿದ್ದರೆ ದಪ್ಪ ಟವಲಿನಲ್ಲಿ ಸುತ್ತಿ ಮೆಲ್ಲಗೆ ಇಳಿಸಿ. ಕೈಗೆ ಗಾಯ ಆಗುವುದಿಲ್ಲ.

ಬಾಡಿಗೆ ಕಾರಾದರೆ ಬೆಕ್ಕು ಇದೆ ಎಂದು ಡ್ರೈವರಿಗೆ ಮೊದಲೇ ಹೇಳಿ. ಹೊರಡುವ ಗಳಿಗೆಯಲ್ಲಿ ಜಗಳ ಬೇಡ.

ಗೂಡನ್ನು ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟಿನಿಂದ ಬಿಗಿಯಿರಿ. ಇಲ್ಲವೇ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಅಲುಗದ ಹಾಗೆ ಇಡಿ. ಡಿಕ್ಕಿಯಲ್ಲಿ ಇಡಬೇಡಿ. ತೊಡೆಯ ಮೇಲೆ ಬಿಟ್ಟುಕೊಂಡು ಕೂರಬೇಡಿ. ಹೆದರಿದ ಬೆಕ್ಕು ಡ್ರೈವರಿನ ಕಾಲ ಬುಡಕ್ಕೆ ನುಗ್ಗಿದರೆ ಬ್ರೇಕ್ ಒತ್ತಲು ಆಗುವುದಿಲ್ಲ. ಆಗ ಎಲ್ಲರ ಪ್ರಾಣಕ್ಕೂ ಅಪಾಯ.

ಗೂಡಿನ ಮೇಲೆ ಒಂದು ತೆಳು ಬಟ್ಟೆ ಹೊದಿಸಿ. ಕತ್ತಲಾದರೆ ಬೆಕ್ಕು ಸಮಾಧಾನ ಆಗುತ್ತದೆ. ಒಂದು ಕಡೆ ಗಾಳಿಗೆ ಬಿಡಿ.

ಘಾಟಿ ದಾರಿಯಲ್ಲಿ

ತಾಳವಾಡಿಯಿಂದ ಹಾಸನೂರು, ದಿಂಬಂ ದಾಟಿ ಬಣ್ಣಾರಿಗೆ ಇಳಿಯಬೇಕು. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಮನುಷ್ಯರಿಗೇ ತಲೆ ಸುತ್ತುತ್ತದೆ. ಬೆಕ್ಕಿಗೂ ಹಾಗೆಯೇ. ತಿರುವಿನಲ್ಲಿ ಮೆಲ್ಲಗೆ ಓಡಿಸಲು ಡ್ರೈವರಿಗೆ ಹೇಳಿ. ಹಾಡು ಜೋರಾಗಿ ಹಾಕಬೇಡಿ.

ಬೆಕ್ಕು ಕೂಗಿದರೆ ಮೆಲುದನಿಯಲ್ಲಿ ಮಾತಾಡಿಸಿ. "ಪಾಪ, ಒಂದು ಸಲ ಹೊರಗೆ ಬಿಡೋಣ" ಎಂದು ಮಕ್ಕಳು ಹೇಳಬಹುದು. ಬಿಡಬೇಡಿ. ಈ ಪಾಠದಲ್ಲಿ ಬೇರೆ ಏನು ಮರೆತರೂ ಈ ಒಂದು ಮಾತು ಮರೆಯಬೇಡಿ:

ದಾರಿಯಲ್ಲಿ ಗೂಡಿನ ಬಾಗಿಲು ತೆರೆಯಬಾರದು.

ಯಾಕೆ ಗೊತ್ತೇ? ಈ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾಯಿತು. ಇಲ್ಲಿ ಆನೆ, ಹುಲಿ, ಚಿರತೆ ಇವೆ. ತಿರುವುಗಳಲ್ಲಿ ಕೋತಿಗಳು ಕೂತಿರುತ್ತವೆ. ಮನೆಯ ಬೆಕ್ಕು ಇಲ್ಲಿ ಕಾರಿನಿಂದ ಹಾರಿದರೆ ಕರೆದರೂ ಬರುವುದಿಲ್ಲ. ಹೆದರಿದ ಬೆಕ್ಕು ಸದ್ದಿಲ್ಲದೆ ಪೊದೆಯಲ್ಲಿ ಅಡಗುತ್ತದೆ. ಹುಡುಕಲು ನಾವು ಕಾಡಿನೊಳಗೆ ಇಳಿಯುವ ಹಾಗಿಲ್ಲ. ಕತ್ತಲಾದರೆ ಚಿರತೆಯ ಬಾಯಿಗೆ ತುತ್ತು.

ಮಗುವಿಗೆ ವಾಂತಿ ಬಂತು, ಕಾರು ನಿಲ್ಲಿಸಬೇಕಾಯಿತು ಎನ್ನಿ. ಗೂಡಿನ ಬಾಗಿಲು ಭದ್ರವಾಗಿದೆಯೇ ಎಂದು ಮೊದಲು ನೋಡಿ. ಆಮೇಲೆ ಕಾರಿನ ಬಾಗಿಲು ತೆರೆಯಿರಿ. ಬೆಕ್ಕು ಗೂಡಿನಲ್ಲೇ ಗಲೀಜು ಮಾಡಿದರೂ ಚಿಂತೆ ಇಲ್ಲ. ಕೆಳಗೆ ಹಳೆಯ ಪೇಪರ್, ಬಟ್ಟೆ ಹಾಸಿದ್ದರೆ ಸಾಕು. ಐದಾರು ಗಂಟೆ ಮೂತ್ರ ತಡೆದುಕೊಳ್ಳುವ ಬೆಕ್ಕುಗಳೇ ಹೆಚ್ಚು.

ಈ ಕಾಡಿನ ದಾರಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ 2022ರ ಫೆಬ್ರವರಿಯಿಂದ ನಿರ್ಬಂಧ ಹಾಕಲಾಯಿತು. ಯಾವ ಗಾಡಿಯನ್ನು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಮೊದಲೇ ವಿಚಾರಿಸಿ. ಬೆಳಿಗ್ಗೆ ತಂಪಿನಲ್ಲಿ ಹೊರಟರೆ ಒಳ್ಳೆಯದು. ಚೆಕ್‌ಪೋಸ್ಟಿನಲ್ಲಿ ಕಾಯುವುದೂ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ.

ಘಾಟಿ ಇಳಿದ ಮೇಲೆ ಸೆಕೆ ಶುರು. ಬೆಕ್ಕು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದರ ಅಂಗಾಲು ಮಾತ್ರ ಬೆವರುತ್ತದೆ. ನೀವು ಹೋಟೆಲಿಗೆ ಹೋಗುವಾಗ ಕಾರಿನ ಗಾಜು ಮುಚ್ಚಿ ಬೆಕ್ಕನ್ನು ಒಳಗೆ ಬಿಡಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಏರಬಹುದು. ಸರದಿಯ ಮೇಲೆ ಊಟ ಮಾಡಿ. ಒಬ್ಬರು ಗೂಡನ್ನು ನೆರಳಿನಲ್ಲಿಟ್ಟು ಕಾಯಲಿ.

ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಅಪಾಯದ ಗುರುತು. ತಕ್ಷಣ ತಂಪು ಜಾಗಕ್ಕೆ ತನ್ನಿ. ಒದ್ದೆ ಬಟ್ಟೆಯಿಂದ ಮೈ, ಪಾದ ಒರೆಸಿ. ಬಾಯಿಗೆ ಬಲವಂತವಾಗಿ ನೀರು ಸುರಿಯಬೇಡಿ. ಹತ್ತಿರದ ದನದ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಸ ಮನೆಯಲ್ಲಿ

ಮೊದಲು ಒಂದೇ ಕೋಣೆ ತೋರಿಸಿ. ಕಿಟಕಿ, ಬಾಗಿಲು ಹಾಕಿ. ಹಳೆಯ ಬಟ್ಟೆ, ನೀರು, ಊಟ, ಮಣ್ಣಿನ ತಟ್ಟೆ ಅಲ್ಲಿಡಿ. ಆಮೇಲೆ ಗೂಡಿನ ಬಾಗಿಲು ತೆರೆದು ಸುಮ್ಮನೆ ಬನ್ನಿ. ಎಳೆಯಬೇಡಿ. ಮಂಚದ ಕೆಳಗೆ ಹೋಗಿ ಕೂತರೆ ಕೂರಲಿ. ತಾನಾಗಿ ಹೊರಗೆ ಬರುತ್ತದೆ.

ಎರಡು ಮೂರು ವಾರ ಮನೆಯೊಳಗೇ ಇರಲಿ. ಮೊದಲೇ ಬಿಟ್ಟರೆ ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡಬಹುದು. ಹೊಸ ಮನೆಯ ಕಂಬಕ್ಕೆ, ಬಾಗಿಲಿಗೆ ಅದು ಕೆನ್ನೆ ಉಜ್ಜಲು ಶುರು ಮಾಡಿತೆಂದರೆ ಮನೆ ಒಗ್ಗುತ್ತಿದೆ ಎಂದು ಅರ್ಥ.

ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಇಲ್ಲವೇ ಮೂತ್ರ ಮಾಡದಿದ್ದರೆ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ.

ಬೆಕ್ಕು ಕಚ್ಚಿದರೆ, ಪರಚಿದರೆ

ಹೆದರಿದ ಬೆಕ್ಕು ಸಾಕಿದವರನ್ನೂ ಕಚ್ಚಬಹುದು. ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ರೋಗ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ.

ಅಭ್ಯಾಸ

1. ಹೊಸ ಪದಗಳನ್ನು ಓದಿ, ಬರೆಯಿರಿ:
ಪ್ರಯಾಣ, ಘಾಟಿ, ತಿರುವು, ಲಸಿಕೆ, ಏದುಸಿರು, ನಿರ್ಬಂಧ

2. ಬಿಟ್ಟ ಜಾಗ ತುಂಬಿ:
ಅ) ಬೆಕ್ಕು ಮಲಗುವ ಹಳೆಯ ಬಟ್ಟೆಯನ್ನು ______ಬಾರದು.
ಆ) ದಾರಿಯಲ್ಲಿ ಗೂಡಿನ ______ ತೆರೆಯಬಾರದು.
ಇ) ದಿಂಬಂ ಘಾಟಿಯಲ್ಲಿ ______ ಹೇರ್‌ಪಿನ್ ತಿರುವುಗಳಿವೆ.

3. ಲೆಕ್ಕ ಮಾಡಿ:
ಕಾರು ಬೆಳಿಗ್ಗೆ 10 ಗಂಟೆಗೆ ಹೊರಡುತ್ತದೆ. ಐದು ಗಂಟೆ ಮೊದಲೇ ಬೆಕ್ಕಿನ ಊಟ ನಿಲ್ಲಿಸಬೇಕು. ಹಾಗಾದರೆ ಕೊನೆಯ ಊಟ ಎಷ್ಟು ಗಂಟೆಯ ಒಳಗೆ ಕೊಡಬೇಕು?

4. ಮಾತಾಡಿ:
ಮನೆ ಬಿಟ್ಟು ಹೋಗುವಾಗ ಬೆಕ್ಕನ್ನು ಬಿಟ್ಟು ಹೋದ ಮನೆ ನಿಮ್ಮ ಬೀದಿಯಲ್ಲಿ ಇದೆಯೇ? ಆ ಬೆಕ್ಕು ಆಮೇಲೆ ಏನಾಯಿತು?

5. ಚೀಟಿ ಬರೆಯಿರಿ:
ಗೂಡಿನ ಮೇಲೆ ಅಂಟಿಸಲು ಒಂದು ಚೀಟಿ ಬೇಕು. ಅಕಸ್ಮಾತ್ ಬೆಕ್ಕು ಕಳೆದರೆ, ಗೂಡು ಕೈತಪ್ಪಿದರೆ, ಸಿಕ್ಕಿದವರು ನಿಮಗೆ ಫೋನ್ ಮಾಡಬೇಕಲ್ಲ? ಕೆಳಗಿನ ಹಾಗೆ ನಿಮ್ಮ ಕೈಯಾರೆ ಬರೆಯಿರಿ.

ನನ್ನ ಹೆಸರು: ____________
ಬೆಕ್ಕಿನ ಹೆಸರು: ____________
ಹೋಗುವ ಊರು: ____________
ಫೋನ್ ನಂಬರ್: ____________
ಬೆಕ್ಕು ಹೆದರಿದೆ. ಬಾಗಿಲು ತೆರೆಯಬೇಡಿ.

ಘಾಟಿಯ ಕೆಳಗೆ ತಮಿಳು ಓದುವವರೇ ಹೆಚ್ಚು. ಆದ್ದರಿಂದ ಕನ್ನಡದ ಕೆಳಗೆ ತಮಿಳಿನಲ್ಲೂ ಬರೆಸಿ. ಶಾಲೆಗೆ ಹೋಗುವ ಮಕ್ಕಳು ಬರೆದುಕೊಡುತ್ತಾರೆ. ಕನ್ನಡದ ಸಾಲು ಮಾತ್ರ ನಿಮ್ಮದೇ ಅಕ್ಷರದಲ್ಲಿ ಇರಲಿ.