ಇಗರ್ಜಿ ದಫ್ತರದ ಅಂಚಿನ ಬರಹ ಓದುವುದು ಹೇಗೆ?

ಕರಾವಳಿಯ ಕ್ಯಾಥೊಲಿಕ್ ಮನೆತನಗಳ ವಂಶವೃಕ್ಷ ಬರೆಯಹೊರಟವರು ಇಗರ್ಜಿಯ ಹಳೆಯ ದಫ್ತರಗಳ ಮುಂದೆ ಕೂರಲೇಬೇಕು. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅನೇಕ ಇಗರ್ಜಿಗಳು ನೆಲಸಮವಾದವು. ಹಾಗಾಗಿ ಅದಕ್ಕೂ ಹಿಂದಿನ ಪುಟಗಳ ಆಸೆ ಹೆಚ್ಚು ಬೇಡ. ಆಮೇಲಿನವು ಲ್ಯಾಟಿನ್ನಿನಲ್ಲೋ ಪೋರ್ಚುಗೀಸಿನಲ್ಲೋ ಇರುತ್ತವೆ. ಹೆಸರು ಹೇಗೋ ಓದಿಯಾದೀತು, ತಲೆಕೆಡಿಸುವುದು ಪಾದ್ರಿಗಳ ಚುಟುಕು ಟಿಪ್ಪಣಿ. ಇಗರ್ಜಿಯ ಕಾನೂನು ಕೇಳಿದ್ದಕ್ಕೆಲ್ಲ ಅವರು ಅಲ್ಲಿ ಉತ್ತರ ಬರೆದಿಟ್ಟಿದ್ದಾರೆ. ಯಾವ ನಿಯಮಕ್ಕಾಗಿ ಬರೆದರು ಎಂದು ಯೋಚಿಸಿದರೆ ಅರ್ಧ ಗೊಂದಲ ಕರಗುತ್ತದೆ.

ಮೊದಲು, ಕಂಡದ್ದನ್ನು ಕಂಡಂತೆಯೇ ನಕಲು ಮಾಡಿ. ಬಿಡಿಸಿ ಬರೆಯುವುದು ಆಮೇಲೆ. ಮೇಲಿನ ನಮೂದನ್ನೂ ಸೇರಿಸಿಕೊಳ್ಳಿ. ‘ಎಯೋದೆಂ ದಿಯೆ’ ಎಂದಿದ್ದರೆ ‘ಅದೇ ದಿನ’ ಎಂದರ್ಥ, ಆ ದಿನ ಯಾವುದೆಂದು ಮೇಲಿನ ಸಾಲೇ ಹೇಳಬೇಕು. ‘7ಬ್ರಿಸ್’ ಕಂಡು ಜುಲೈ ಎಂದುಕೊಂಡವರು ಬಹಳ. ಅದು ಸೆಪ್ಟೆಂಬರ್, ‘8ಬ್ರಿಸ್’ ಅಕ್ಟೋಬರ್. ರೋಮನ್ನರ ಹಳೆಯ ವರ್ಷ ಮಾರ್ಚಿನಿಂದ ಶುರುವಾಗುತ್ತಿತ್ತಲ್ಲ! ‘ಜೊವಾನ್ನೆಸ್’, ‘ಜೊವಾನ್ನಿಸ್’ ಇಬ್ಬರಲ್ಲ, ಒಬ್ಬನೇ. ಎರಡನೆಯದು ‘ಜೊವಾನ್ನೆಸನ’ ಎಂಬ ವಿಭಕ್ತಿ ರೂಪ.

ದೀಕ್ಷಾಸ್ನಾನದ ನಮೂದಿನಲ್ಲಿ ‘ಸುಬ್ ಕೊಂದಿತ್ಸಿಯೋನೆ’ ಇದ್ದರೆ ಮಗುವಿನ ಹುಟ್ಟಿನ ಮೇಲೆ ಅನುಮಾನ ಬೇಡ. ಸಾಮಾನ್ಯವಾಗಿ ಜೀವಾಪಾಯ ಕಂಡು ಸೂಲಗಿತ್ತಿಯೇ ನೀರು ಹೊಯ್ದಿರುತ್ತಾಳೆ, ಅದು ಸರಿಯಾಗಿ ನಡೆಯಿತೋ ಇಲ್ಲವೋ ಎಂಬ ಸಂಶಯಕ್ಕೆ ಪಾದ್ರಿ ಷರತ್ತಿನೊಡನೆ ಮತ್ತೆ ಸ್ನಾನ ಕೊಡುತ್ತಾರೆ. ಹೆರಿಗೆ ಕಷ್ಟವಾಗಿತ್ತೆಂಬ ಸುಳಿವೂ ಅದೇ.

ನಿಜವಾದ ನಿಧಿ ಮದುವೆ ದಫ್ತರದಲ್ಲಿದೆ. ‘ದಿಸ್ಪೆನ್ಸಾತ್ಸಿಯೊ ಇನ್ ತೆರ್ತಿಯೊ ಗ್ರಾದು ಕೊನ್ಸಾಂಗ್ವಿನಿತಾತಿಸ್’ ಎಂಬ ಸಾಲು ಕಂಡರೆ ಕುಣಿದಾಡಬಹುದು. ರಕ್ತಸಂಬಂಧದ ಮೂರನೇ ಹಂತಕ್ಕೆ ವಿನಾಯಿತಿ ಕೊಟ್ಟಿದ್ದಾರೆಂದು ಅದರ ಅರ್ಥ. ಆಗಿನ ಲೆಕ್ಕ ಸಮಾನ ಪೂರ್ವಜರಿಗೆ ಎಷ್ಟು ತಲೆಮಾರು ಎಂಬುದು: ಎರಡನೇ ಹಂತವೆಂದರೆ ಅಜ್ಜ-ಅಜ್ಜಿ ಒಬ್ಬರೇ, ಮೂರನೆಯದೆಂದರೆ ಮುತ್ತಜ್ಜ-ಮುತ್ತಜ್ಜಿ ಒಬ್ಬರೇ. ಎರಡು, ಮೂರು ಒಟ್ಟಿಗೆ ಬಂದರೆ ಒಬ್ಬರ ಅಜ್ಜ ಇನ್ನೊಬ್ಬರ ಮುತ್ತಜ್ಜ. ವರನ ಕಡೆಯ ಮುತ್ತಜ್ಜನ ಹೆಸರು ಗೊತ್ತಿದ್ದರೆ ವಧುವಿನ ಕಡೆ ಹುಡುಕಬೇಕಾದ ಹೆಸರೂ ಸಿಕ್ಕಿತು. ನಾಲ್ಕು ಮುತ್ತಜ್ಜ ದಂಪತಿಗಳಲ್ಲಿ ಯಾರೆಂದು ಮಾತ್ರ ನೀವೇ ಪತ್ತೆಹಚ್ಚಬೇಕು. ‘ಅಫಿನಿತಾಸ್’ ಎಂದಿದ್ದರೆ ಅದು ರಕ್ತದ ನಂಟಲ್ಲ, ಮದುವೆಯಿಂದ ಬಂದದ್ದು. ತೀರಿಹೋದ ಹೆಂಡತಿಯ ತಂಗಿಯನ್ನು ಮದುವೆಯಾದಂಥ ಸಂದರ್ಭ. 1917ರ ಇಗರ್ಜಿ ಕಾನೂನು ರಕ್ತಸಂಬಂಧಿಗಳ ಮದುವೆಯ ನಿಷೇಧವನ್ನು ನಾಲ್ಕನೇ ಹಂತದಿಂದ ಮೂರಕ್ಕೆ ಇಳಿಸಿತು. ಆದ್ದರಿಂದ ಆಮೇಲೆ ನಾಲ್ಕನೇ ಹಂತದ ಟಿಪ್ಪಣಿ ಇಲ್ಲವೆಂದರೆ ನಂಟೇ ಇರಲಿಲ್ಲವೆಂದಲ್ಲ.

ಮದುವೆಗೆ ಮುಂಚೆ ಇಗರ್ಜಿಯಲ್ಲಿ ಓದಬೇಕಾದ ಮೂರು ಪ್ರಕಟಣೆಗಳಿಗೆ ವಿನಾಯಿತಿ ಸಿಕ್ಕಿದ್ದರೆ ಕತೆ ಕಟ್ಟಬೇಡಿ. ಆಡಂಬರದ ಮದುವೆ ಸಲ್ಲದ ಉಪವಾಸ ಕಾಲ ಹತ್ತಿರ ಬಂದಿರಬಹುದು, ವರ ದೂರದೂರಿಗೆ ಹೊರಟಿರಬಹುದು.

ಸಾವಿನ ದಫ್ತರದಲ್ಲಿ ‘ಸಂಸ್ಕಾರಗಳಿಲ್ಲದೆ’ ಎಂದಿದ್ದರೆ ಸಾಮಾನ್ಯವಾಗಿ ಸಾವು ಹಠಾತ್ತಾಗಿತ್ತು ಅಥವಾ ಪಾದ್ರಿ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಎಳೆಗೂಸಿಗೆ ಅಂತಿಮ ಅಭ್ಯಂಗ ಬೇಕೇ ಇಲ್ಲ.

ಇನ್ನು ದೀಕ್ಷಾಸ್ನಾನದ ಪುಟದ ಅಂಚು. 1908ರ ಈಸ್ಟರಿನಿಂದ ಜಾರಿಗೆ ಬಂದ ‘ನೆ ತೆಮೆರೆ’ ಆಜ್ಞೆಯಂತೆ, ಯಾರದೇ ಮದುವೆಯಾದರೂ ಅವರ ದೀಕ್ಷಾಸ್ನಾನದ ನಮೂದಿನ ಪಕ್ಕದಲ್ಲಿ ಅದನ್ನು ಬರೆಯಬೇಕು. ಬೇರೆ ಊರಿಗೆ ಹೋದ ದೊಡ್ಡಪ್ಪ ಎಲ್ಲಿ ಮದುವೆಯಾದರೆಂದು ಹುಟ್ಟೂರಿನ ಇಗರ್ಜಿಯೇ ಹೇಳಬಲ್ಲದು. ನನ್ನ ಮಟ್ಟಿಗೆ, ಇಡೀ ದಫ್ತರದಲ್ಲಿ ಜನ ಅತಿ ಹೆಚ್ಚು ಕಡೆಗಣಿಸುವ ಜಾಗವಿದು.

‘ಪಾತ್ರೆ ಇಗ್ನೋತೊ’, ಅಂದರೆ ತಂದೆ ಅಜ್ಞಾತ, ಎಂಬ ನಮೂದು ಎದುರಾದರೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಬದುಕಿರುವವರನ್ನು ಕೇಳಿ. ದಫ್ತರ ನೋಡಲು ವಿಗಾರರ ಅನುಮತಿ ಮೊದಲೇ ಪಡೆದು, ವಾರದ ದಿನ ಹೋಗಿ. ಪೆನ್ನು ಮನೆಯಲ್ಲೇ ಇರಲಿ, ಪೆನ್ಸಿಲ್ ಒಯ್ಯಿರಿ.