ಹೊಲದ ಬೆಳೆಯೂ ಮನೆಯ ಅಡಿಗೆಯೂ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ, ಘಟಪ್ರಭಾ ನದಿಯ ಸೀಮೆಯ ಮಸಗುಪ್ಪಿಯೇ ಮೊದಲಾದ ಹಳ್ಳಿಗಳ ಒಕ್ಕಲು ಮನೆಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಗೋಧಿಯ ಹುಗ್ಗಿ, ಹೋಳಿಗೆ, ಮಾದಲಿ, ಕರದಂಟು ಇವು ತಲೆತಲಾಂತರದಿಂದ ನಡೆದುಬಂದ ಅಡಿಗೆಗಳಾಗಿವೆ. ಇವುಗಳ ರುಚಿಯನ್ನು ಅರಿಯದವರು ಈ ಸೀಮೆಯಲ್ಲಿ ಇಲ್ಲ. ಆದರೆ ಇವುಗಳಿಗೆ ಬೇಕಾಗುವ ಧಾನ್ಯ, ಬೇಳೆ, ಎಣ್ಣೆಕಾಳುಗಳಲ್ಲಿ ಎಷ್ಟನ್ನು ಮನೆಯ ಹೊಲವು ಕೊಡುತ್ತದೆ, ಎಷ್ಟನ್ನು ಪೇಟೆಯಿಂದ ತರಬೇಕಾಗುತ್ತದೆ ಎಂಬುದನ್ನು ಲೆಕ್ಕಹಾಕಿ ನೋಡಿದ ಜಮೀನುದಾರರು ವಿರಳ. ಆದಕಾರಣ ಈ ಅಡಿಗೆಗಳ ತೂಕ ಮತ್ತು ಕ್ರಮಗಳನ್ನೂ, ಅವುಗಳಿಗಾಗಿ ಹೊಲದಲ್ಲಿ ಮಾಡತಕ್ಕ ಏರ್ಪಾಡನ್ನೂ ಇಲ್ಲಿ ಒಟ್ಟಿಗೆ ವಿವರಿಸಿದೆ.

ನೀರಾವರಿಯೂ ಬೆಳೆಗಳ ಬದಲಾವಣೆಯೂ

ಧೂಪದಾಳದ ಒಡ್ಡಿನಿಂದ ಘಟಪ್ರಭಾ ಎಡದಂಡೆಯ ಕಾಲುವೆಗೆ ನೀರು ಹರಿಯತೊಡಗಿದ್ದು ೧೮೯೭ರ ಸುಮಾರಿಗೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವು ೧೯೭೭ರಲ್ಲಿ ಪೂರ್ಣಗೊಂಡಿತು. ನೀರಿನ ಆಸರೆ ದೊರೆತ ಮೇಲೆ ಕಬ್ಬು ಹಬ್ಬಿತು. ಸಕ್ಕರೆ ಕಾರ್ಖಾನೆಗಳು ನಡೆದವು. ಒಕ್ಕಲಿಗನ ಕೈಯಲ್ಲಿ ರೊಕ್ಕವೂ ಆಡಿತು. ಇದು ಒಳ್ಳೆಯದೇ. ಆದರೆ ಕಬ್ಬು ಹೊಲವನ್ನು ಹತ್ತು ಹನ್ನೆರಡು ತಿಂಗಳು ಹಿಡಿದಿಡುತ್ತದೆ. ಕುಳೆ ಬಿಟ್ಟರೆ ಎರಡು ಮೂರು ವರ್ಷ ಅದೇ ಹೊಲದಲ್ಲಿ ಬೇರೆ ಬೆಳೆಗೆ ಎಡೆಯಿಲ್ಲ. ಹೀಗಾಗಿ ಹಿಂಗಾರಿ ಜೋಳ, ಕಡಲೆ, ತೊಗರಿ, ಸದಕ ಗೋಧಿ, ಗುರೆಳ್ಳು, ಅಗಸೆ, ಕುಸುಬಿಗಳು ಒಂದೊಂದಾಗಿ ಹಿಂದೆ ಸರಿದವು. ಬೆಲ್ಲವು ಮನೆಯಲ್ಲಿ ಹೇರಳವಾಗಿದ್ದರೂ ಹೋಳಿಗೆಯ ಬೇಳೆಯನ್ನು ಕೊಳ್ಳಬೇಕಾದ ಸ್ಥಿತಿ ಅನೇಕ ಮನೆಗಳಿಗೆ ಒದಗಿದೆ.

ಕೊಂಡರೇನು ತಪ್ಪು ಎಂದು ಕೇಳಬಹುದು. ಕೊಳ್ಳುವ ಮನೆಯು ದರ ಏರಿದ ವರ್ಷ ಮೊದಲು ಬೇಳೆಯನ್ನು ಕಡಿಮೆ ಮಾಡುತ್ತದೆ, ಅನಂತರ ಎಣ್ಣೆಕಾಳನ್ನು ಬಿಡುತ್ತದೆ. ಅಡಿಗೆಯ ಹೆಸರು ಉಳಿಯುತ್ತದೆ, ಅದರೊಳಗಿನ ಸತ್ವ ಇಳಿಯುತ್ತದೆ. ಹೆಸರೂ ಉಳಿಯದ ಕಾಲ ಬಂದಾಗ, ಅದನ್ನು ಮಾಡಬಲ್ಲ ಹಿರಿಯ ಹೆಂಗಸರು ಮನೆಯಲ್ಲಿ ಇರುವದಿಲ್ಲ.

ನಿತ್ಯದ ಊಟ

ಜೋಳದ ರೊಟ್ಟಿ: ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂತೆ ಜಿಗುಟು ಇಲ್ಲ. ಆದುದರಿಂದ ಕುದಿಯುವ ಎಸರನ್ನು ಹಾಕಿ ಕಲಸಬೇಕು. ಬಿಸಿನೀರಿನಿಂದ ಹಿಟ್ಟಿನ ಪಿಷ್ಟವು ಬೆಂದು ಅಂಟಿಕೊಳ್ಳುತ್ತದೆ. ಕಾಲು ಕಿಲೋ ಹಿಟ್ಟಿಗೆ ಸುಮಾರು ಒಂದು ಬಟ್ಟಲು ಎಸರು ಸಾಕು. ಚೆನ್ನಾಗಿ ನಾದಿ, ತೆಳ್ಳಗೆ ಬಡಿದು, ಕಾದ ಹಂಚಿನ ಮೇಲೆ ಹಾಕಿದ ಕೂಡಲೆ ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಬೇಕು. ನೀರು ಆರುವಷ್ಟರಲ್ಲಿ ಮಗುಚಿದರೆ ರೊಟ್ಟಿ ಉಬ್ಬುತ್ತದೆ. ಹದಿನೈದು ದಿನಗಳಿಗೆ ಬೇಕಾಗುವಷ್ಟನ್ನೇ ಬೀಸಿಸಬೇಕು; ಹಳೆಯ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಮಾಲದಂಡಿ ಎಂ. ೩೫-೧ ತಳಿಯ ಜೋಳವು ರೊಟ್ಟಿಗೆ ಇಂದಿಗೂ ಹೆಸರಾಗಿದೆ.

ಎಣ್ಣೆಗಾಯಿ: ಎಳೆಯ ಸಣ್ಣ ಬದನೆಕಾಯಿ ಅರ್ಧ ಕಿಲೋ, ಹುರಿದ ಶೇಂಗಾದ ಪುಡಿ ೧೦೦ ಗ್ರಾಂ, ಹುರಿದ ಗುರೆಳ್ಳಿನ ಪುಡಿ ೪೦ ಗ್ರಾಂ, ಒಣಕೊಬ್ಬರಿ ೩೦ ಗ್ರಾಂ, ಬಳ್ಳೊಳ್ಳಿ, ಹಸಿಶುಂಠಿ, ಹುಣಸೆಹಣ್ಣಿನ ರಸ, ಸ್ವಲ್ಪ ಬೆಲ್ಲ, ಖಾರ, ಉಪ್ಪು. ತೊಟ್ಟು ಬಿಡಿಸದೆ ಕಾಯಿಯನ್ನು ನಾಲ್ಕಾಗಿ ಸೀಳಿ, ಈ ಮಸಾಲೆಯನ್ನು ತುಂಬಿ, ಎಣ್ಣೆಯಲ್ಲಿ ಹೊರಳಿಸಿ, ಸ್ವಲ್ಪವೇ ನೀರು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಬೇಕು. ಖಾರಕ್ಕೆ ಸಂಕೇಶ್ವರದ ಮೆಣಸಿನಕಾಯಿಯನ್ನೂ ಬಣ್ಣಕ್ಕೆ ಬ್ಯಾಡಗಿಯದನ್ನೂ ಕೂಡಿಸಿ ಕುಟ್ಟಿದರೆ ಎರಡೂ ಗುಣ ದೊರೆಯುತ್ತವೆ.

ಝುಣಕ: ಕಾಯಿಪಲ್ಯೆ ಇಲ್ಲದ ದಿನಕ್ಕೆ ಇದು ಆಧಾರ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನು ಬಾಡಿಸಿ, ಎರಡು ಬಟ್ಟಲು ನೀರು ಕುದಿಸಿ, ಒಂದು ಬಟ್ಟಲು ಕಡಲೆಹಿಟ್ಟನ್ನು ಗಂಟು ಕಟ್ಟದಂತೆ ಉದುರಿಸುತ್ತ ತಿರುವಬೇಕು. ಹತ್ತು ನಿಮಿಷ ಮುಚ್ಚಿ ಬೇಯಿಸಿದ ಮೇಲೆ ಹಸಿವಾಸನೆ ಹೋಗುತ್ತದೆ.

ಈ ಊಟದ ಏರ್ಪಾಡಿನಲ್ಲಿ ಹಿರಿಯರ ವಿವೇಕವು ಎದ್ದುಕಾಣುತ್ತದೆ. ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ, ಕಡಲೆಬೇಳೆಯಲ್ಲಿ ಸುಮಾರು ೨೦ ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು ೨೨ ಗ್ರಾಂ, ಶೇಂಗಾದಲ್ಲಿ ಸುಮಾರು ೨೫ ಗ್ರಾಂ ಸಸಾರಜನಕವಿರುವದು. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಬೇಳೆಗಳಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕೊರತೆಯಾದ ಅಂಶವನ್ನು ಜೋಳವು ತುಂಬುತ್ತದೆ. ರೊಟ್ಟಿಯೊಡನೆ ಝುಣಕವೋ ಬೇಳೆಯ ಪಲ್ಯವೋ ಇದ್ದಾಗ ದುಡಿಯುವ ಮೈಗೂ ಬೆಳೆಯುವ ಮಕ್ಕಳಿಗೂ ಬೇಕಾದದ್ದು ದೊರೆಯುತ್ತದೆ. ಬರೀ ರೊಟ್ಟಿ ಖಾರದಿಂದ ಹಾಗಾಗದು. ಊಟದ ಜೊತೆ ಮೆಂತೆಯ ಸೊಪ್ಪು, ಮೂಲಂಗಿ, ಹಸಿ ಉಳ್ಳಾಗಡ್ಡಿ, ಲಿಂಬೆಯ ಹೋಳು ಇರಬೇಕು. ಲಿಂಬೆಯ ರಸದಿಂದ ಧಾನ್ಯದೊಳಗಿನ ಕಬ್ಬಿಣದ ಅಂಶವು ಮೈಗೆ ಹೆಚ್ಚು ಹತ್ತುತ್ತದೆ.

ಹಬ್ಬದ ಸಿಹಿ

ಹೂರಣದ ಹೋಳಿಗೆ: ಅರ್ಧ ಕಿಲೋ ಕಡಲೆಬೇಳೆಯನ್ನು ಎರಡು ಲೀಟರು ನೀರಿನಲ್ಲಿ, ಬೆರಳಿಗೆ ಹಿಸುಕುವಂತೆ ಆದರೂ ಕರಗಿಹೋಗದಂತೆ ಬೇಯಿಸಿ, ಕಟ್ಟನ್ನು ಬಸಿಯಬೇಕು. ಬೇಳೆಗೆ ಸಮತೂಕದ ಬೆಲ್ಲ ಕೂಡಿಸಿ ಗಟ್ಟಿಯಾಗುವವರೆಗೆ ಕುದಿಸಿ, ಏಲಕ್ಕಿ, ಜಾಜಿಕಾಯಿ ಹಾಕಿ ನುಣ್ಣಗೆ ರುಬ್ಬಬೇಕು. ಕಣಕವನ್ನು ಎಣ್ಣೆ ಹಚ್ಚಿ ಎರಡು ಗಂಟೆ ನೆನೆಯಲು ಬಿಟ್ಟರೆ ಹರಿಯದೆ ಹಿಗ್ಗುತ್ತದೆ. ಬಸಿದ ಕಟ್ಟನ್ನು ಚೆಲ್ಲಲಾಗದು. ಅದರಲ್ಲಿ ಒಂದು ಹಿಡಿ ಹೂರಣ, ಹುಣಸೆ, ಹುರಿದ ಕೊಬ್ಬರಿ, ಮಸಾಲೆಖಾರ ಕೂಡಿಸಿ ಕುದಿಸಿದರೆ ಕಟ್ಟಿನ ಸಾರು ಆಗುತ್ತದೆ. ಒಂದೇ ಬೇಳೆಯಿಂದ ಸಿಹಿಯೂ ಸಾರೂ ಆಗಿ, ಬೇಳೆಯ ಸತ್ವ ಹೊರಗೆ ಹೋಗದು.

ಗೋಧಿಯ ಹುಗ್ಗಿ: ಇದಕ್ಕೆ ಸದಕ ಗೋಧಿಯೇ ಶ್ರೇಷ್ಠ, ಇದನ್ನು ಖಪಲಿ ಎಂದೂ ಕರೆಯುವರು. ಅರ್ಧ ಕಿಲೋ ಗೋಧಿಯನ್ನು ನೀರು ಚಿಮುಕಿಸಿ ಕುಟ್ಟಿ, ಹೊಟ್ಟು ಕೇರಿ, ರಾತ್ರಿ ನೆನೆಹಾಕಿ, ಮರುದಿನ ಕಾಳು ಅರಳುವಂತೆ ಬೇಯಿಸಬೇಕು. ಅನಂತರವೇ ೪೦೦ ಗ್ರಾಂ ಬೆಲ್ಲ ಹಾಕತಕ್ಕದ್ದು. ಮೊದಲೇ ಹಾಕಿದರೆ ಕಾಳು ಗಡುಸಾಗಿ ಉಳಿಯುವದು. ಗಸಗಸೆ, ಕೊಬ್ಬರಿ, ಏಲಕ್ಕಿ ಕೂಡಿಸಿ, ಹಾಲು ತುಪ್ಪದೊಡನೆ ಬಡಿಸುವರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಸದಕದಲ್ಲಿ ಡಿ.ಡಿ.ಕೆ. ೧೦೨೫, ೧೦೨೯ ಎಂಬ ಗಿಡ್ಡ ತಳಿಗಳನ್ನು ಹೊರತಂದಿರುವದರಿಂದ, ಪೈರು ನೆಲಕ್ಕೆ ಮಲಗುವದೆಂಬ ಹಳೆಯ ಅಂಜಿಕೆಗೆ ಈಗ ಅಷ್ಟು ಕಾರಣವಿಲ್ಲ.

ಮಾದಲಿ: ಗೋಧಿ ಒಂದು ಕಿಲೋ, ಕಡಲೆಬೇಳೆ ಕಾಲು ಕಿಲೋ, ಅಕ್ಕಿ ೧೦೦ ಗ್ರಾಂ; ಇವನ್ನು ಬೇರೆಬೇರೆ ಹುರಿದು ತರಿತರಿಯಾಗಿ ಬೀಸಬೇಕು. ಗಟ್ಟಿಯಾಗಿ ಕಲಸಿ, ದಪ್ಪ ಚಪಾತಿ ಮಾಡಿ, ಹಂಚಿನ ಮೇಲೆ ಬೇಯಿಸಿ, ಆರಿದ ಮೇಲೆ ಕುಟ್ಟಿ ಸಾಣಿಸಬೇಕು. ೭೦೦ ಗ್ರಾಂ ಬೆಲ್ಲದ ಪುಡಿ, ಪುಟಾಣಿ, ಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಿದರೆ ಆಯಿತು. ಜಾತ್ರೆಯ ಊಟಕ್ಕೆ ಹಿಂದಿನ ದಿನವೇ ಮಾಡಿಡಲು ಇದು ಅನುಕೂಲ.

ಕರದಂಟು: ಗೋಕಾಕದ ಹೆಸರನ್ನು ದೂರಕ್ಕೆ ಒಯ್ದ ಈ ತಿನಿಸಿನ ಹೆಸರಿನಲ್ಲಿಯೇ ಅದರ ಕ್ರಮವಿದೆ: ಕರಿದ ಅಂಟು. ೧೦೦ ಗ್ರಾಂ ಅಂಟನ್ನು ಸ್ವಲ್ಪಸ್ವಲ್ಪವಾಗಿ ತುಪ್ಪದಲ್ಲಿ ಕರಿಯಬೇಕು. ಕಾಳು ಒಳಗೂ ಅರಳಿ, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ನಡುವೆ ಗಟ್ಟಿ ಉಳಿದರೆ ಹಲ್ಲಿಗೆ ಅಂಟುವದು. ಹುರಿದ ಕೊಬ್ಬರಿ, ಉತ್ತತ್ತಿ ತಲಾ ೨೦೦ ಗ್ರಾಂ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆ ಶಕ್ತ್ಯನುಸಾರ. ೩೦೦ ಗ್ರಾಂ ಬೆಲ್ಲದ ಎಳೆಪಾಕದಲ್ಲಿ ಎಲ್ಲವನ್ನೂ ಬೆರೆಸಿ, ತುಪ್ಪ ಸವರಿದ ತಾಟಿನಲ್ಲಿ ತಟ್ಟಿ ತುಂಡು ಮಾಡಬೇಕು. ಇವೇ ಪದಾರ್ಥಗಳನ್ನು ಉಂಡಿಗಟ್ಟಿ ಬಾಣಂತಿಯರಿಗೆ ಕೊಡುವ ವಾಡಿಕೆಯುಂಟು.

ಸಿಹಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಿರಿಯರು ಇವನ್ನು ಹಬ್ಬ ಹುಣ್ಣಿಮೆಗಳಿಗೆ ಮೀಸಲಿಟ್ಟಿದ್ದರು, ಮೈಮುರಿದು ದುಡಿಯುತ್ತಲೂ ಇದ್ದರು. ಬೆಲ್ಲವು ರಕ್ತದಲ್ಲಿ ಸಕ್ಕರೆಯಂತೆಯೇ ವರ್ತಿಸುವದರಿಂದ ಸಿಹಿಮೂತ್ರ ರೋಗವಿದ್ದವರು ಅದನ್ನು ಔಷಧವೆಂದು ಭಾವಿಸಲಾಗದು.

ಹೊಲದಲ್ಲಿ ಮಾಡತಕ್ಕ ಏರ್ಪಾಡು

ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಜೋಳವೆಂದು ಹಿಡಿದರೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ಬೇಕಾಗುವದು. ನೀರು ಕಂಡ ಒಂದು ಎಕರೆಯಲ್ಲಿ ಇಷ್ಟು ಬೆಳೆಯುವದು ಕಷ್ಟವಲ್ಲ. ಹತ್ತು ಎಕರೆಯ ಜಮೀನುದಾರರು ಕುಳೆ ಮುಗಿದ ಹೊಲದಲ್ಲಿ ಎರಡು ಎಕರೆಯನ್ನು ಮನೆಯ ಊಟಕ್ಕೆಂದು ಬೇರ್ಪಡಿಸಿದರೆ ಕೆಳಗಿನಂತೆ ನಡೆಯಿಸಬಹುದು.

೧. ಮೊದಲನೆಯ ಎಕರೆ: ಮುಂಗಾರಿಯಲ್ಲಿ ಹೆಸರು ಬಿತ್ತಿ, ಕಾಳು ಬಿಡಿಸಿದ ಮೇಲೆ ಹಿಂಗಾರಿ ಜೋಳ ಬಿತ್ತುವದು, ಅಂಚಿನಲ್ಲಿ ಅಗಸೆ, ಕುಸುಬಿಗಳ ಸಾಲು ಇಡುವದು.

೨. ಎರಡನೆಯ ಎಕರೆಯಲ್ಲಿ ೨೦ ಗುಂಟೆ: ಶೇಂಗಾದ ನಡುವೆ ತೊಗರಿಯ ಸಾಲು, ಅಂಚಿಗೆ ಗುರೆಳ್ಳು.

೩. ಉಳಿದ ೨೦ ಗುಂಟೆ: ಮುಂಗಾರಿಯಲ್ಲಿ ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಹಿಂಗಾರಿಯಲ್ಲಿ ಅರ್ಧಕ್ಕೆ ಸದಕ, ಅರ್ಧಕ್ಕೆ ಕಡಲೆ. ಕಡಲೆಗೆ ನೀರು ಹೆಚ್ಚಾಗಬಾರದು.

೪. ಬದುವಿನಲ್ಲಿ ಬದನೆ, ಮೆಣಸು, ಪುಂಡಿ, ಮೆಂತೆ.

ಮರುವರ್ಷ ಎರಡೂ ಎಕರೆಗಳನ್ನು ಅದಲುಬದಲು ಮಾಡತಕ್ಕದ್ದು. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವದರಿಂದ, ಮುಂದೆ ಇದೇ ಹೊಲಕ್ಕೆ ಕಬ್ಬು ಬಂದಾಗ ಅದಕ್ಕೂ ಲಾಭವಾಗುವದು. ಜೋಳದ ಕಣಿಕೆಯು ದನಗಳಿಗೆ ವರ್ಷದ ಮೇವು. ಅದರಿಂದಲೇ ಮನೆಯಲ್ಲಿ ಹಾಲು, ಹೋಳಿಗೆಯ ಮೇಲಿನ ತುಪ್ಪ. ಬೀಜ ಮತ್ತು ತಳಿಗಳ ವಿಚಾರಕ್ಕೆ ಅರಭಾವಿಯ ಕೃಷಿ ಸಂಶೋಧನಾ ಕೇಂದ್ರವು ಸಮೀಪದಲ್ಲಿಯೇ ಇದೆ.

ಆಪತ್ತಿನ ಕಾಲದಲ್ಲಿ ಈ ಅಡಿಗೆಯ ಬೆಲೆ ಏನೆಂಬುದು ೨೦೧೯ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ಕಂಡುಬಂದಿತು. ಆಗ ಉತ್ತರ ಕರ್ನಾಟಕದ ಅನೇಕ ಊರುಗಳಿಂದ ಸಂತ್ರಸ್ತರಿಗೆ ಖಡಕ ರೊಟ್ಟಿ, ಶೇಂಗಾ ಚಟ್ನಿಗಳ ಗಂಟುಗಳು ಬಂದವು. ಒಲೆಯಿಲ್ಲದೆ ಉಣ್ಣಬಹುದಾದ, ದಿನಗಟ್ಟಲೆ ಕೆಡದ ಊಟವದು. ಜೋಳ ಬೆಳೆಯುವ ಹೊಲವೂ ರೊಟ್ಟಿ ಬಡಿಯುವ ಕೈಯೂ ಉಳಿದ ಊರುಗಳಿಂದ ಮಾತ್ರ ಅಂಥ ಗಂಟು ಹೊರಡಬಲ್ಲದು. ೨೦೨೩ನೆಯ ವರ್ಷವನ್ನು ಸಂಯುಕ್ತ ರಾಷ್ಟ್ರಸಂಘವು ಅಂತರರಾಷ್ಟ್ರೀಯ ಸಿರಿಧಾನ್ಯಗಳ ವರ್ಷವೆಂದು ಆಚರಿಸಿ ಜೋಳ, ಸಜ್ಜೆಗಳಿಗೆ ಮನ್ನಣೆ ಕೊಟ್ಟಿತು. ಲೋಕವು ಈಗ ಮೆಚ್ಚುವದನ್ನು ಬೆಳೆದ ಸೀಮೆಯೇ ಮರೆಯುವದು ಉಚಿತವಲ್ಲ.

ಎಳ್ಳಮಾವಾಸ್ಯೆಯ ದಿನ ಹಿಂಗಾರಿ ಪೈರಿನ ನಡುವೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯೆಗಳನ್ನು ಹೊಲದಲ್ಲಿಯೇ ಉಣ್ಣುವ ಪದ್ಧತಿಯು, ಭೂಮಿ ಕೊಟ್ಟದ್ದನ್ನು ಭೂಮಿಗೆ ತೋರಿಸಿ ಉಣ್ಣುವ ಪದ್ಧತಿಯಾಗಿದೆ. ಅದು ಅರ್ಥವುಳ್ಳದ್ದಾಗಿ ಉಳಿಯಬೇಕಾದರೆ ಹೊಲದಲ್ಲಿ ಆ ಪೈರು ನಿಂತಿರಬೇಕು. ಆದುದರಿಂದ ಊರ ಗೌಡರೂ ಹಿರಿಯ ಜಮೀನುದಾರರೂ ಬರುವ ಬಿತ್ತಿಗೆಗೆ ಮುಂಚೆ ಎರಡು ಕೆಲಸಗಳನ್ನು ಮಾಡತಕ್ಕದ್ದು. ಮನೆಯ ಹಿರಿಯ ಹೆಂಗಸರು ಹಿಡಿ, ಚಿಟಿಕೆಗಳಲ್ಲಿ ಬಲ್ಲ ಅಡಿಗೆಗಳನ್ನು ಅವರು ಮಾಡುತ್ತಿರುವಾಗಲೇ ತೂಗಿಸಿ, ಅಳತೆಯೊಡನೆ ವಹಿಯಲ್ಲಿ ಬರೆಯಿಸಿಡುವದು. ವರ್ಷಕ್ಕೆ ಯಾವ ಕಾಳು ಎಷ್ಟು ಬೇಕೆಂಬುದನ್ನು ಅವರಿಂದಲೇ ಕೇಳಿ, ಅದಕ್ಕೆ ತಕ್ಕಷ್ಟು ನೆಲವನ್ನು ಬಿಡುವದು. ಗೌಡರ ಹೊಲದಲ್ಲಿ ಜೋಳ, ಕಡಲೆ ಕಂಡರೆ ನೆರೆಯವರೂ ನಾಲ್ಕು ಸಾಲು ಬಿತ್ತುವರು.