ತುಕ್ಕಿಗೆ ಕಾಲಂ ಇಲ್ಲವಂತೆ

ವಿಮೆಯವರ ಮೇಜಿನ ಮುಂದೆ ಅರ್ಧ ದಿನ ನಿಂತ ಮೇಲೆ ನನಗೆ ಸಿಕ್ಕ ಉತ್ತರ ಇಷ್ಟೇ: "ಬೆಂಕಿ, ಸಿಡಿಲು, ಕಳವು ಅಂದ್ರೆ ಬರ್ಕೋತೀನಿ. ತುಕ್ಕಿಗೆ ಕಾಲಂ ಇಲ್ಲ." ಕೈವಾರದ ಸುತ್ತಮುತ್ತ ಸಾವಿರ ಅಡಿ ಆಳದ ಬೋರು ನಂಬಿ ಹಿಪ್ಪುನೇರಳೆ ಇಟ್ಟವರಿಗೆ ತಿಳಿದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಮೊದಲ ನೀರು ಕೆಂಪಗೆ ಬರತೊಡಗಿದಾಗಲೇ, ಪೈಪೆಲ್ಲ ಎತ್ತಿ ನೋಡೋಣ ಎಂದಿದ್ದೆ. ತೋಟದಲ್ಲಿ ಅರ್ಧ ಪಾಲು ಬಾಮೈದನದು. "ಏಂ ಕಾದು ಬಾವಾ, ಬಿ ಕ್ಲಾಸ್ ಪೈಪು. ನೀಲಿ ಪಟ್ಟಿ ನೋಡೇ ತಂದಿದ್ದೀನಿ" ಎಂದ. ಮೋಟರಿಗೆ ಉಕ್ಕಿನ ಹಗ್ಗ ಕಟ್ಟಿ ಇಳಿಸೋಣ ಎಂದಾಗ ಅದು ದಂಡದ ಖರ್ಚು ಎಂದವನೂ ಅವನೇ.

ನೀರು ಅರ್ಧಕ್ಕಿಳಿದ ಮೇಲೆ ಎತ್ತುವ ಗಾಡಿ ಬಂತು. ಆಷಾಢದ ಮಳೆ ಕೈಕೊಟ್ಟಿತ್ತು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿದ್ದವು, ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು. ಕೈವಾರದ ಮಠದ ಕಡೆಯಿಂದ ಗುರುಪೂರ್ಣಿಮೆಯ ಸಂಗೀತೋತ್ಸವದ ಮೈಕು ಕೇಳುತ್ತಿತ್ತು. ಇಪ್ಪತ್ತು ಅಡಿಗೊಂದರಂತೆ ಪೈಪು ಮೇಲೆ ಬರುವುದು, ಕ್ಲಾಂಪ್ ಬಿಗಿಯುವುದು, ಚೈನ್ ರೆಂಚ್ ಹಾಕಿ ಬಿಚ್ಚುವುದು, ಒಳಗಿದ್ದ ನೀರು ಸುರಿದು ಎಲ್ಲರೂ ಕೆಸರಾಗುವುದು ನಡೆದೇ ಇತ್ತು. ಬಂದ ಪೈಪುಗಳ ಮೈ ಚೆನ್ನಾಗಿಯೇ ಇತ್ತು. ಬಾಮೈದ ನನ್ನ ಮುಖ ನೋಡಿ ನಗುತ್ತಿದ್ದ.

ಆಗಲೇ 'ಟಕ್' ಎಂದಿತು. ದೊಡ್ಡ ಸದ್ದೇನಲ್ಲ. ಬಿಗಿದು ನಿಂತಿದ್ದ ಗಾಡಿಯ ರೋಪು ಒಮ್ಮೆಲೇ ಸಡಿಲಾಗಿ ಕೊಕ್ಕೆ ಮೇಲಕ್ಕೆ ಜಿಗಿಯಿತು. ಮರುಕ್ಷಣ, ಪಕ್ಕದಲ್ಲಿ ಸುತ್ತಿಟ್ಟಿದ್ದ ಕೇಬಲ್ಲು ಸರಸರನೆ ಒಳಗೆ ಓಡತೊಡಗಿತು. ಅದನ್ನು ಹಿಡಿಯಲು ಬಗ್ಗಿದ ಕೂಲಿ ಹುಡುಗನ ಅಂಗಿ ಹಿಡಿದು ಹಿಂದಕ್ಕೆಳೆದೆ. ಕಾಲು ಸುರುಳಿಗೆ ಸಿಕ್ಕಿದ್ದರೆ ಈ ಲೇಖನದ ವಿಷಯವೇ ಬೇರೆಯಾಗುತ್ತಿತ್ತು. ಕೇಬಲ್ಲಿನ ತುದಿಯೂ ಕಣ್ಮರೆಯಾದ ಮೇಲೆ ಕೆಳಗಿನಿಂದ ಗುಡುಗಿನಂಥ ಸದ್ದು ಬಂತು. ಯಾರೂ ಮಾತಾಡಲಿಲ್ಲ. ಬಾಮೈದ ಕೇಸಿಂಗಿನ ಬಾಯಿಗೆ ಕಿವಿಯಿಟ್ಟು ಕೂತ. ಏನು ಕೇಳಿಸಿಕೊಳ್ಳಬೇಕೆಂದಿದ್ದನೋ!

ಮುರಿದದ್ದು ನಡುವೆ ಹಾಕಿದ್ದ ಗನ್‌ಮೆಟಲ್ ನಾನ್‌ರಿಟರ್ನ್ ವಾಲ್ವಿಗಿಂತ ತುಸುವೇ ಮೇಲೆ, ಥ್ರೆಡ್ಡಿನಲ್ಲಿ. ಜಿಐ ಪೈಪಿನ ಸತುವಿನ ಲೇಪ ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಥ್ರೆಡ್ ಕೊರೆದ ಕಡೆ ಸತುವೇ ಇರುವುದಿಲ್ಲ. ಎರಡು ಇಂಚಿನ ಬಿ ಕ್ಲಾಸ್ ಪೈಪಿನ ದಪ್ಪ 3.6 ಮಿ.ಮೀ. ಅದರಲ್ಲಿ ಥ್ರೆಡ್ಡೇ ಸುಮಾರು 1.5 ಮಿ.ಮೀ. ತಿಂದುಬಿಡುತ್ತದೆ. ಪಕ್ಕದಲ್ಲಿ ಗನ್‌ಮೆಟಲ್ ಕೂತರೆ, ಲವಣ ತುಂಬಿದ ಆಳದ ನೀರಿನಲ್ಲಿ ಎರಡು ಲೋಹಗಳ ನಡುವೆ ಕರೆಂಟು ಹರಿಯುತ್ತದೆ. ಸವೆಯುವುದು ಕಬ್ಬಿಣ. ಇದು ಗ್ಯಾಲ್ವನಿಕ್ ಸವೆತ. ಮುರಿದು ಮೇಲೆ ಉಳಿದ ತುದಿಯಲ್ಲಿದ್ದ ತುಕ್ಕಿನ ಕೆಂಪು ಗಂಟನ್ನು ಕೆರೆದಾಗ ಅಡಿಯಲ್ಲಿ ಸೂಜಿ ಹೋಗುವಷ್ಟು ಗುಳಿಗಳಿದ್ದವು. ಅದು ಪಿಟ್ಟಿಂಗ್. ಇಡೀ ಪೈಪು ಸಮನಾಗಿ ಸವೆದರೆ ತೂಕದಲ್ಲಾದರೂ ತಿಳಿಯುತ್ತದೆ. ಪಿಟ್ಟಿಂಗ್‌ನಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ, ಬಲ ಇಳಿಯುತ್ತದೆ. ಇಂಥ ಪೈಪು ಮೀಟರಿಗೆ ಸುಮಾರು 5 ಕೆ.ಜಿ. ತೂಗುತ್ತದೆ. ಸಾವಿರ ಅಡಿಗೆ ಒಂದೂವರೆ ಟನ್, ಒಳಗಿನ ನೀರು ಬೇರೆ. ಆ ಭಾರವನ್ನೆಲ್ಲ ಹೊರುವುದು ಈ ಥ್ರೆಡ್ಡುಗಳೇ. ನೀಲಿ ಪಟ್ಟಿ ಇದನ್ನೇನೂ ಹೇಳುವುದಿಲ್ಲ.

ಬಿದ್ದದ್ದನ್ನು ಹಿಡಿಯಲು ಕೊಕ್ಕೆ ಇಳಿಸಿ ನೋಡಿದೆವು. ಪೈಪು ಗೋಡೆಗೆ ಒರಗಿ ಬಿಗಿದುಕೊಂಡಿತ್ತು. ಬೋರಿನ ಬಾಯಿಗೆ ಮುಚ್ಚಳ ಹಾಕಿ ವೆಲ್ಡ್ ಮಾಡಿಸಿದೆ. ಸಂತೆಯ ಸೊಪ್ಪು ಕೊಂಡು ಹುಳು ಹಣ್ಣಾಗಿಸಿದೆವು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿಗೆ ಬಂದ ದುಡ್ಡು ಸೊಪ್ಪಿಗೇ ಸರಿಹೋಯಿತು.

ಹೇಳಬೇಕಾದದ್ದು ಸ್ವಲ್ಪ. ಬೆಳಗಿನ ಮೊದಲ ನೀರು ಕೆಂಪಾದರೆ ಮೋಟರ್ ಎತ್ತಿಸಿ. ಪೈಪಿನ ಮೈ ನೋಡಬೇಡಿ, ಕಾಲರ್ ಬಿಚ್ಚಿಸಿ ಥ್ರೆಡ್ ನೋಡಿ. ಗನ್‌ಮೆಟಲ್, ಸ್ಟೇನ್‌ಲೆಸ್ ಸ್ಟೀಲ್ ಫಿಟ್ಟಿಂಗಿನ ಅಕ್ಕಪಕ್ಕದ ಪೈಪುಗಳನ್ನು ಮೊದಲು ಬದಲಿಸಿ. ಪ್ಲಾಸ್ಟಿಕ್ ಕಾಲಂ ಪೈಪು ತುಕ್ಕು ಹಿಡಿಯದು, ಆದರೆ ನಿಮ್ಮ ಆಳಕ್ಕೆ ತಕ್ಕ ದರ್ಜೆಯದೇ ಬೇಕು. ಭಾರ ತಾಳುವ ಹಗ್ಗ ಕಟ್ಟದೆ ಇಳಿಸಬೇಡಿ. ಆ ಹಗ್ಗದ ದುಡ್ಡು ಯಾರು ಹಾಕಬೇಕೆಂಬ ಜಗಳವನ್ನು ಇಳಿಸುವ ಮೊದಲೇ ಮುಗಿಸಿಕೊಳ್ಳಿ. ನಮ್ಮದು ಇನ್ನೂ ಮುಗಿದಿಲ್ಲ.